ಸ್ಮಾರ್ಟ್‌ಫೋನ್ ಮಾರಿ ಕೀಪ್ಯಾಡ್ ಫೋನ್ ತಗೊಂಡರೆ ರೀಲ್ಸ್ ಚಟ ಬಿಡುತ್ತಾ?

ಮಾರಬೇಡಿ. ನಾನು ಮಾರಿ ನೋಡಿದವನು. ರಾತ್ರಿ ಒಂದು ಗಂಟೆವರೆಗೆ ರೀಲ್ಸ್, ಬೆಳಿಗ್ಗೆ ಕಣ್ಣುರಿ, ಆಫೀಸಲ್ಲಿ ತೂಕಡಿಕೆ ಅಂತ ಬರೆದಿದ್ದೀರಲ್ಲ, ಅದರಲ್ಲಿ ನನ್ನ ಹೆಸರೊಂದು ಇಲ್ಲ ಅಷ್ಟೇ.

ಟಿಕ್‌ಟಾಕ್ ನೋಡುವವರನ್ನು ಆಡಿಕೊಳ್ಳುತ್ತಿದ್ದವನು ನಾನು. 2020ರ ಜೂನ್ ಕೊನೆಗೆ ಸರ್ಕಾರ ಅದನ್ನು ನಿಷೇಧಿಸಿತು, ಜುಲೈಯಲ್ಲೇ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ಬಿಟ್ಟಿತು. ಮನೆಯಿಂದಲೇ ಕೆಲಸ, ಹೊರಗೆ ಹೋಗೋ ಹಾಗಿಲ್ಲ. ನೋಡನೋಡುತ್ತಾ ನಾನೂ ಬಿದ್ದೆ. ಆಫೀಸು ಮತ್ತೆ ಶುರುವಾದ ಮೇಲೆ ವಿಜಯನಗರದಲ್ಲಿ ಮೆಟ್ರೋ ಹತ್ತಿ ಇಂದಿರಾನಗರದಲ್ಲಿ ಇಳಿಯಬೇಕಾದವನು ತಲೆ ಎತ್ತೋ ಹೊತ್ತಿಗೆ ಸ್ವಾಮಿ ವಿವೇಕಾನಂದ ರೋಡ್ ಬಂದಿರೋದು. ಕೊನೆಗೊಂದು ದಿನ ರೋಷ ಬಂದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಿಗೆ ಹೋಗಿ, ಫೋನ್ ಖಾಲಿ ಮಾಡಿ, ಸಿಕ್ಕಷ್ಟಕ್ಕೆ ಮಾರಿ, ಗುಂಡಿ ಒತ್ತೋ ಫೋನ್ ಜೇಬಿಗೆ ಹಾಕ್ಕೊಂಡು ಬಂದೆ.

ನಾನು ಎಡವಿದ್ದು ಅಲ್ಲೇ. ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ವಾಟ್ಸಾಪ್ ಆ್ಯಪ್ ಹೋಯಿತು, ಆದರೆ ಅಕೌಂಟ್ ಹೋಗಲಿಲ್ಲ. ಎರಡೂ ಒಂದೇ ಅಂದುಕೊಂಡಿದ್ದೆ. ಸೆಟ್ಟಿಂಗ್ಸ್‌ಗೆ ಹೋಗಿ ಅಕೌಂಟ್ ಅಳಿಸದಿದ್ದರೆ ಬೇರೆಯವರ ಫೋನಲ್ಲಿ ನಮ್ಮ ಹೆಸರು, ಫೋಟೋ ಹಾಗೇ ನಗ್ತಾ ಇರುತ್ತೆ. ಅವರು ಕಳಿಸಿದ ಮೆಸೇಜಿಗೆ ಒಂದೇ ಟಿಕ್ ಬೀಳುತ್ತೆ, ಮೂವತ್ತು ದಿನ ವಾಟ್ಸಾಪ್ ಸರ್ವರ್‌ನಲ್ಲಿ ಕಾಯುತ್ತೆ, ಆಮೇಲೆ ಅಲ್ಲೇ ಅಳಿಸಿಹೋಗುತ್ತೆ. ನಾವು ವಾಟ್ಸಾಪ್ ಬಿಟ್ಟಿದ್ದೀವಿ ಅಂತ ಅವರಿಗೆ ಗೊತ್ತಾಗೋದೇ ಇಲ್ಲ. ನೆಟ್ ಖಾಲಿಯಾಗಿರಬೇಕು ಅಂದುಕೋತಾರೆ. ಅಕೌಂಟನ್ನೇ ಅಳಿಸಿದ್ದರೆ ನನ್ನ ನಂಬರ್ ಅವರ ವಾಟ್ಸಾಪ್‌ನಲ್ಲಿ ಸಿಗ್ತಾನೇ ಇರಲಿಲ್ಲ, ಫೋನ್ ಮಾಡಿರೋರು, ನನ್ನ ಡಬ್ಬಾ ಫೋನ್ ರಿಂಗ್ ಆಗಿರೋದು.

ಆಗ ಕೆಲಸ ಬದಲಾಯಿಸೋ ಓಡಾಟದಲ್ಲಿದ್ದೆ. ಒಂದು ಕಂಪನಿಯ ಎಚ್‌ಆರ್ ಎರಡನೇ ಸುತ್ತಿನ ಇಂಟರ್‌ವ್ಯೂವನ್ನು ಶುಕ್ರವಾರದಿಂದ ಗುರುವಾರಕ್ಕೆ ತಂದು ವಾಟ್ಸಾಪ್‌ನಲ್ಲಿ ತಿಳಿಸಿದ್ದರು. ನಾನು ಶುಕ್ರವಾರ ಇಸ್ತ್ರಿ ಶರ್ಟ್ ಹಾಕ್ಕೊಂಡು ಬೆಳ್ಳಂದೂರಿನ ಟ್ರಾಫಿಕ್ಕಲ್ಲಿ ಬೆವರು ಸುರಿಸಿ ಹೋದರೆ, ರಿಸೆಪ್ಷನ್ ಹುಡುಗಿ ರಿಜಿಸ್ಟರ್ ತಿರುವಿ, "ನಿಮ್ದು ನಿನ್ನೆ ಇತ್ತಲ್ಲ ಸರ್" ಅಂದಳು. ಬೇರೆಯವರನ್ನು ತಗೊಂಡಾಗಿತ್ತು. ಅವರನ್ನು ಬೈಯೋಕೂ ಬಾಯಿಲ್ಲ.

ಹೋಗಲಿ, ಚಟವಾದರೂ ಬಿಡ್ತಾ? ವಾರ ಕಳೆಯೋದರೊಳಗೆ ಹೆಂಡತಿ ಫೋನ್ ಕೈಯಲ್ಲಿತ್ತು. "ರೀ, ನಿಮ್ಮ ಚಟ ಬಿಡಿಸೋಕೆ ನನ್ನ ಡೇಟಾ ಯಾಕ್ರೀ ಖಾಲಿ ಮಾಡ್ತೀರಾ?" ಅಂದಳು. ಆಫೀಸ್ ಕಂಪ್ಯೂಟರಲ್ಲಿ ಯೂಟ್ಯೂಬ್ ಶಾರ್ಟ್ಸ್ ಬೇರೆ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಯಾವ ಫೋನ್ ಅನ್ನೋದು ವಿಷಯವೇ ಅಲ್ಲ. ಪೇಪರ್‌ಗೆ ಕೊನೇ ಪುಟ ಇರುತ್ತೆ, ರೀಲ್ಸ್‌ಗೆ ಇಲ್ಲ. ಬೆರಳು ಜಾರಿಸಿದಷ್ಟೂ ಬರೋ ಈ ಅಂತ್ಯವಿಲ್ಲದ ಸ್ಕ್ರೋಲನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅನ್ನೋರೇ ಆಮೇಲೆ ಅದಕ್ಕೆ ಪಶ್ಚಾತ್ತಾಪ ಪಟ್ಟಿದ್ದಾರೆ. ಅಂಥದ್ದರ ಎದುರು "ಇನ್ನೈದೇ ನಿಮಿಷ" ಅನ್ನೋ ನಮ್ಮ ಲೆಕ್ಕ ನಡೆಯಲ್ಲ. ಆ್ಯಪ್ ಟೈಮರ್ ಕೂಡ ನನ್ನ ಪ್ರಕಾರ ದಂಡ. ಹಾಕಿದವನೇ ತೆಗೆಯೋ ಬೀಗ ಅದು.

ನನಗೆ ಉಪಯೋಗಕ್ಕೆ ಬಂದದ್ದು ತೀರಾ ಸಪ್ಪೆ ವಿಷಯ. ಮತ್ತೆ ಸ್ಮಾರ್ಟ್‌ಫೋನ್ ತಗೊಂಡೆ, ಆದರೆ ಅದರ ಚಾರ್ಜರ್ ಅಡುಗೆಮನೆಯಲ್ಲಿ ಮಿಕ್ಸಿ ಪಕ್ಕ. ರಾತ್ರಿ ಊಟವಾದ ಮೇಲೆ ಫೋನ್ ಅಲ್ಲೇ. ಅಲಾರಂಗೆ ಬೇಕು ಅನ್ನೋ ನೆಪ ಉಳೀಬಾರದು ಅಂತ ಟೇಬಲ್ ಗಡಿಯಾರ ತಂದೆ. ಇನ್‌ಸ್ಟಾಗ್ರಾಂ ಆ್ಯಪ್ ಇಲ್ಲ. ನೋಡಲೇಬೇಕಾದರೆ ಬ್ರೌಸರಲ್ಲಿ ಪಾಸ್‌ವರ್ಡ್ ಹೊಡೆದು ಒಳಗೆ ಹೋಗಬೇಕು, ಮುಗಿದ ಮೇಲೆ ಲಾಗ್‌ಔಟ್. ಮೊದಲ ಕೆಲವು ರಾತ್ರಿ ನೀರು ಕುಡಿಯೋ ನೆಪದಲ್ಲಿ ಎದ್ದು ಹೋಗಿದ್ದೂ ಉಂಟು. ಆದರೆ ಬರಿಗಾಲಲ್ಲಿ, ಕತ್ತಲಲ್ಲಿ, ಸಿಂಕ್ ಮುಂದೆ ನಿಂತು ಎಷ್ಟು ರೀಲ್ಸ್ ನೋಡ್ತೀರಿ?

ಕೆಲಸಕ್ಕೇ ಕುತ್ತು ಬರೋ ಮಟ್ಟಕ್ಕೆ ಹೋಗಿದ್ದರೆ ನಾಚಿಕೆ ಬಿಟ್ಟು ನಿಮ್ಹಾನ್ಸ್‌ಗೆ ಹೋಗಿ. ಇದಕ್ಕಂತಲೇ 2014ರಲ್ಲಿ ಶಟ್ ಕ್ಲಿನಿಕ್ ಶುರು ಮಾಡಿದ್ದಾರೆ. ಮೊದಲು ಫೋನಲ್ಲೇ ಮಾತಾಡೋಣ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಇಷ್ಟು ಹೇಳಿದ ಮೇಲೂ ಮಾರೇ ಮಾರ್ತೀನಿ ಅಂದ್ರೆ, ಎಸ್‌ಪಿ ರೋಡಿಗೆ ಹೊರಡೋ ಮುಂಚೆ ವಾಟ್ಸಾಪ್ ಅಕೌಂಟ್ ಅಳಿಸಿ, ಎಚ್‌ಆರ್, ಮನೆ ಓನರ್, ಊರಲ್ಲಿರೋ ಅಪ್ಪ ಅಮ್ಮ ಎಲ್ಲರಿಗೂ "ಇನ್ಮೇಲೆ ಫೋನ್ ಮಾಡಿ" ಅಂತ ಒಂದು ಎಸ್ಸೆಮ್ಮೆಸ್ ಹಾಕಿ.