ಗದಗ ಸೀಮೆಯ ನೀರು, ಮಣ್ಣು ಇಟ್ಟುಕೊಂಡು ಭೂವಿಜ್ಞಾನದ ಪಾಠ ಕಟ್ಟುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಗದಗ ಜಿಲ್ಲೆಯ ಪದವಿ ಕಾಲೇಜಿನಲ್ಲಿ ಶಿಲೆ, ಖನಿಜ, ಅಂತರ್ಜಲ ಎಂದು ಅಧ್ಯಾಯವಾರು ಪಾಠ ಮಾಡುತ್ತೀರಿ, ಪ್ರತಿ ಅಧ್ಯಾಯದ ಕೊನೆಗೆ ‘ಸಮಾಜಕ್ಕೆ ಉಪಯೋಗ’ ಎಂದು ನಾಲ್ಕು ಸಾಲು ಸೇರಿಸುತ್ತೀರಿ, ಹುಡುಗರು ಆ ನಾಲ್ಕು ಸಾಲನ್ನೂ ಬಾಯಿಪಾಠ ಮಾಡಿ ಬರೆಯುತ್ತಾರೆ. ಜನರ ನಿಜವಾದ ಸಮಸ್ಯೆಗಳಿಗೆ ತಾಗುವ ಬೋಧನಾ ಸಾಮಗ್ರಿಯನ್ನು ಹೇಗೆ ಸಿದ್ಧಪಡಿಸಬೇಕು ಎಂದು ಕೇಳಿದ್ದೀರಿ. ಧಾರವಾಡದಲ್ಲಿ ಇದೇ ವಿಷಯ ಕಲಿಸಿದವನು ನಾನು, ಆ ಅನುಭವದಿಂದ ಹೇಳುತ್ತೇನೆ.

ಸಾಮಗ್ರಿ ಸಿದ್ಧವಾದ ಮೇಲೆ ನಾನು ಅದಕ್ಕೆ ಒಂದೇ ಪರೀಕ್ಷೆ ಒಡ್ಡುತ್ತೇನೆ. ಅದರಿಂದ ಭೂವಿಜ್ಞಾನವನ್ನು ಪೂರ್ತಿ ಕಿತ್ತುಹಾಕಿದರೂ ವಿದ್ಯಾರ್ಥಿ ಉತ್ತರ ಬರೆಯಬಲ್ಲನೇ? ಬರೆಯಬಲ್ಲನಾದರೆ ಅದು ಪಾಠವಲ್ಲ, ಗೋಡೆಬರಹ. ‘ನೀರನ್ನು ಮಿತವಾಗಿ ಬಳಸಿ’ ಎಂದು ಬರೆಯಲು ಯಾರಿಗೂ ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆಯ ಪರಿಚಯ ಬೇಕಿಲ್ಲ. ಕಲ್ಲು, ಮಣ್ಣು, ನೀರಿನ ನಡತೆ ತಿಳಿಯದೆ ತೀರ್ಮಾನ ಮಾಡಲಾಗದಂಥ ಪ್ರಶ್ನೆಯನ್ನು ಮೊದಲು ಹುಡುಕಿ. ಆ ಪ್ರಶ್ನೆಗೆ ಎಷ್ಟು ಸಿದ್ಧಾಂತ ಬೇಕೋ ಅಷ್ಟನ್ನು ಅದರ ಹಿಂದೆ ತನ್ನಿ.

ನಿಮ್ಮ ಜಿಲ್ಲೆಯಲ್ಲಿ ಅಂಥ ಪ್ರಶ್ನೆಗಳಿಗೆ ಬರವಿಲ್ಲ. ನಾನಾದರೆ ಮುಂಡರಗಿ ಕಡೆಯ ನೀರಿನಲ್ಲಿರುವ, ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್‌ನಿಂದ ಆರಂಭಿಸುತ್ತೇನೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಆದರೆ ಪಾಠವನ್ನು ಈ ಅಂಕಿಯಿಂದ ಶುರು ಮಾಡಬೇಡಿ. ಒಂದೇ ಊರಿನ ಹಳೆಯ ತೆರೆದ ಬಾವಿಯ ನೀರು, ಆಳದ ಕೊಳವೆಬಾವಿಯ ನೀರು, ಎರಡರ ವಿಶ್ಲೇಷಣಾ ವರದಿಯನ್ನು ಮುಂದಿಟ್ಟು ‘ಎರಡೂ ಒಂದೇ ಊರಿನವು, ಅಂಕಿಗಳು ಮಾತ್ರ ಏಕೆ ಬೇರೆ?’ ಎಂದು ಕೇಳಿ. ಅಲ್ಲಿಂದ ಪಾಠ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಗ್ರಾನೈಟ್, ನೈಸ್ ಶಿಲೆಗಳಲ್ಲಿರುವ ಬಯೊಟೈಟ್, ಅಪಟೈಟ್‌ನಂಥ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಆಳದ ಬಿರುಕುಗಳಲ್ಲಿ ನೀರು ಬಹುಕಾಲ ನಿಂತಷ್ಟೂ ಅದು ಕರಗಿ ಬರುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡನ್ನು ಹಿಡಿದು ಫ್ಲೋರೈಟ್ ಎಂಬ ಖನಿಜವಾಗಿ ತಳಕ್ಕಿಳಿಸುತ್ತದೆ. ಆದರೆ ನಮ್ಮ ಒಣ ಸೀಮೆಯಲ್ಲಿ ಕ್ಯಾಲ್ಸಿಯಂ ಅದಕ್ಕೂ ಮೊದಲೇ ಸುಣ್ಣದ ಗಂಟುಗಳಾಗಿ ಮಣ್ಣಿನಲ್ಲಿ ಕೂತುಬಿಡುತ್ತದೆ. ಎರೆಹೊಲ ಉತ್ತವರ ಮಕ್ಕಳಿಗೆ ಆ ಬಿಳಿ ಗಂಟುಗಳು ಗೊತ್ತು. ಅದಕ್ಕೂ ಅಜ್ಜಿಯ ಮೊಣಕಾಲು ನೋವಿಗೂ ಸಂಬಂಧವಿರಬಹುದು ಎಂಬುದು ಗೊತ್ತಿರುವುದಿಲ್ಲ.

ಆಮೇಲೆ ಅಂಕಿಗಳು. ಕೇಂದ್ರ ಅಂತರ್ಜಲ ಮಂಡಳಿಯ ವರದಿಗಳಿವೆ, ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯವಿದೆ, ಜಲ ಜೀವನ್ ಮಿಷನ್ ಅಡಿಯಲ್ಲಿ ಪಂಚಾಯಿತಿಗಳಿಗೆ ಬಂದ ಪರೀಕ್ಷಾ ಕಿಟ್‌ಗಳಿವೆ. ಕ್ಯಾಲ್ಸಿಯಂ ಒಂದು ಅಕ್ಷಕ್ಕೆ, ಫ್ಲೋರೈಡ್ ಇನ್ನೊಂದಕ್ಕೆ ಇಟ್ಟು ವಿದ್ಯಾರ್ಥಿಗಳೇ ನಕ್ಷೆ ಬಿಡಿಸಲಿ. ಒಂದು ಹೆಚ್ಚಿದರೆ ಇನ್ನೊಂದು ತಗ್ಗುವ ಒಲವು ಕಾಣಬೇಕು. ಆ ಸಾಲಿಗೆ ಸೇರದ ಬಿಂದುಗಳು ಬಂದೇ ಬರುತ್ತವೆ, ಅವನ್ನು ಅಳಿಸಲು ಬಿಡಬೇಡಿ. ತರಗತಿಯ ಒಳ್ಳೆಯ ಮಾತು ಹುಟ್ಟುವುದೇ ಅವುಗಳ ಮೇಲೆ: ಬಾವಿಯ ಆಳ ಬೇರೆಯೇ, ಮಾದರಿ ತೆಗೆದ ಕಾಲ ಬೇರೆಯೇ, ಕಲ್ಲೇ ಬೇರೆಯೇ?

ಕೊನೆಗೆ ತೀರ್ಮಾನ. ಪಂಚಾಯಿತಿಯ ಬಳಿ ಒಂದೇ ಕೆಲಸಕ್ಕೆ ಹಣವಿದೆ ಎಂದುಕೊಳ್ಳೋಣ: ಇನ್ನೂ ಆಳದ ಕೊಳವೆಬಾವಿ, ಶುದ್ಧ ಕುಡಿಯುವ ನೀರಿನ ಘಟಕ, ಶಾಲೆಯ ಚಾವಣಿಯ ಮಳೆನೀರು ಸಂಗ್ರಹ, ಇಲ್ಲವೇ ತುಂಗಭದ್ರೆಯ ನೀರಿಗೆ ಕೊಳವೆ ಮಾರ್ಗ. ಯಾವುದು? ಘಟಕವೆಂದರೆ, ಶೋಧಿಸಿದ ಮೇಲೆ ಉಳಿಯುವ ನೀರಿನಲ್ಲಿ ಫ್ಲೋರೈಡ್ ಇನ್ನಷ್ಟು ದಟ್ಟವಾಗಿರುತ್ತದೆ, ಅದನ್ನು ಎಲ್ಲಿ ಬಿಡುತ್ತೀರಿ? ‘ಕಾಯಿಸಿ ಕುಡಿದರೆ ಸಾಕಲ್ಲವೇ’ ಎಂದು ಒಬ್ಬನಾದರೂ ಕೇಳುತ್ತಾನೆ. ಕಾಯಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಉಳಿಯುತ್ತದೆ, ಸಾಂದ್ರತೆ ಏರುತ್ತದೆ. ಇದನ್ನು ನೀವಾಗಿ ಹೇಳಬೇಡಿ, ಅವರೇ ಲೆಕ್ಕ ಹಾಕಿ ಕಂಡುಕೊಳ್ಳಲಿ.

ಒಂದು ಎಚ್ಚರಿಕೆ. ಹಲ್ಲಿನ ಕಂದು ಕಲೆ ಫ್ಲೋರೈಡಿನ ಗುರುತೆಂದು ಹೇಳಿ, ತರಗತಿಯಲ್ಲಿ ಒಬ್ಬರ ಬಾಯಿ ಇನ್ನೊಬ್ಬರು ನೋಡುವ ಚಟುವಟಿಕೆ ಮಾಡಿಸುವವರಿದ್ದಾರೆ. ದಯವಿಟ್ಟು ಬೇಡ. ಮದುವೆ ವಯಸ್ಸಿಗೆ ಬಂದ ಹುಡುಗಿಗೆ ಆ ಕಲೆ ಏನು ತೂಕದ್ದು ಎಂಬುದು ನಮ್ಮೂರುಗಳಲ್ಲಿ ಎಲ್ಲರಿಗೂ ತಿಳಿದಿದೆ.

ಎರೆಮಣ್ಣಿನ ಪಾಠ ಇದಕ್ಕಿಂತ ಸುಲಭ, ಖರ್ಚೂ ಕಡಿಮೆ. ನವಲಗುಂದದ ಎರೆ, ಧಾರವಾಡದ ಕೆಂಪು ಮಸಾರಿ, ಎರಡನ್ನೂ ಒಣಗಿಸಿ ಸೋಸಿ. ಪ್ರತಿಯೊಂದು ಮಣ್ಣನ್ನೂ 100 ಮಿಲಿಲೀಟರ್ ಅಳತೆಯ ಎರಡು ಜಾಡಿಗಳಿಗೆ ತಲಾ 10 ಗ್ರಾಂನಂತೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಒಂದು ದಿನ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಎರೆ ಎಷ್ಟು ಉಬ್ಬಿತೆಂಬುದೇ ಅಂಗನವಾಡಿಯ ಗೋಡೆ ಏಕೆ ಬಿರಿಯಿತೆಂಬುದಕ್ಕೆ ಉತ್ತರ. ಸಿವಿಲ್ ಎಂಜಿನಿಯರುಗಳು ದಿನವೂ ಮಾಡುವ ಪರೀಕ್ಷೆ ಇದು, ಭೂವಿಜ್ಞಾನ ವಿಭಾಗಗಳಲ್ಲಿ ಏಕೋ ಅಪರೂಪ. ಇನ್ನೊಂದು ಮಾತು: ಕಪ್ಪು ಮಣ್ಣೆಂದರೆ ಬಸಾಲ್ಟ್ ಎಂಬ ಲಾವಾ ಕಲ್ಲಿನಿಂದ ಆದದ್ದು ಎಂದು ಶಾಲೆಯಿಂದಲೂ ಕಲಿಸುತ್ತಾರೆ. ಗದಗಿನ ಬಯಲಿನ ಎರೆಯ ಕೆಳಗೆ ಬಹುಪಾಲು ಇರುವುದು ನೈಸ್ ಮತ್ತು ಧಾರವಾಡ ಶಿಸ್ಟ್ ಎಂಬ ಪದರುಗಲ್ಲು. ಹುಡುಗರನ್ನು ಯಾವುದಾದರೂ ಹೊಸ ಬಾವಿಯ ದಂಡೆಗೆ ಕರೆದೊಯ್ದು ತೋರಿಸಿ, ಪಠ್ಯಪುಸ್ತಕವನ್ನು ಪ್ರಶ್ನಿಸುವ ರುಚಿಯೂ ಹತ್ತುತ್ತದೆ. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಶಿಸ್ಟ್ ಶಿಲೆಗಳಿಗೆ ಧಾರವಾಡದ ಹೆಸರಿಟ್ಟ. ಜಗತ್ತಿನ ಭೂವಿಜ್ಞಾನಿಗಳೆಲ್ಲ ಆ ಹೆಸರು ಹೇಳುತ್ತಾರೆ, ನಮ್ಮ ವಿದ್ಯಾರ್ಥಿ ಮಾತ್ರ ಕಾಲೇಜಿನ ಹಿಂದಿನ ಗುಡ್ಡದ ಕಲ್ಲು ಯಾವುದೆಂದರೆ ಮೊಬೈಲ್ ತೆಗೆಯುತ್ತಾನೆ.

ಬೆಣ್ಣಿಹಳ್ಳದ ಪ್ರವಾಹ, ಲಕ್ಕುಂಡಿಯ ಮೆಟ್ಟಿಲುಬಾವಿಗಳು, ಇವೂ ಒಳ್ಳೆಯ ವಸ್ತುಗಳೇ. ಧಾರವಾಡದಲ್ಲಿ ಹುಟ್ಟುವ ಶಾಲ್ಮಲೆ ಪಶ್ಚಿಮಕ್ಕೆ ಹರಿದು ಬೇಡ್ತಿ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ, ಬೆಣ್ಣಿಹಳ್ಳ ಮಲಪ್ರಭೆ ಸೇರಿ ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ. ಸರ್ವೆ ಆಫ್ ಇಂಡಿಯಾ ನಕ್ಷೆಯ ಮೇಲೆ ಈ ಎರಡು ಕಡೆಯ ನೀರನ್ನು ಬೇರ್ಪಡಿಸುವ ಏಣನ್ನು ಪೆನ್ಸಿಲಿನಲ್ಲಿ ಎಳೆದರೆ ಸಾಕು, ಒಂದು ತರಗತಿ ಕಳೆಯುತ್ತದೆ.

ಕಪ್ಪತಗುಡ್ಡದ ಚಿನ್ನದ ಗಣಿಗಾರಿಕೆಯ ವಿಷಯ ತೆಗೆಯಲು ನೀವು ಹಿಂಜರಿಯಬಹುದು. 2019ರಲ್ಲಿ ವನ್ಯಜೀವಿಧಾಮವಾದ ಗುಡ್ಡ ಅದು, ಊರಿನಲ್ಲಿ ಅಭಿಪ್ರಾಯಗಳು ಖಾರವಾಗಿಯೇ ಇವೆ. ಪರ-ವಿರೋಧ ಚರ್ಚಾ ಸ್ಪರ್ಧೆ ಏರ್ಪಡಿಸುವುದು ನನಗೆ ಇಷ್ಟವಿಲ್ಲ. ಅಲ್ಲಿ ಗೆಲ್ಲುವುದು ಗಂಟಲು. ಬದಲಿಗೆ ಲೆಕ್ಕ ಕೊಡಿ: ಒಂದು ಟನ್ ಅದಿರಿನಲ್ಲಿ 2 ಗ್ರಾಂ ಚಿನ್ನ ಇದೆ ಎಂದಿಟ್ಟುಕೊಂಡರೆ 10 ಗ್ರಾಂ ಸರಕ್ಕೆ 5 ಟನ್ ಕಲ್ಲು ಪುಡಿಯಾಗಬೇಕು, ಹೊರತೆಗೆಯುವಾಗ ಆಗುವ ನಷ್ಟ ಸೇರಿದರೆ ಇನ್ನೂ ಹೆಚ್ಚು. ಆ ಪುಡಿ ಎಲ್ಲಿ ಬೀಳುತ್ತದೆ, ಅದರ ಮೇಲೆ ಸುರಿದ ಮಳೆ ಯಾವ ಹಳ್ಳಕ್ಕೆ ಇಳಿಯುತ್ತದೆ ಎಂದು ನಕ್ಷೆಯಲ್ಲಿ ತೋರಿಸಲಿ. ಅಭಿಪ್ರಾಯ ಅದರ ಮೇಲೆ ಅವರವರದು.

ಸಿದ್ಧ ಮಾದರಿ ಬೇಕಿದ್ದರೆ ಅಮೆರಿಕದ ಕಾರ್ಲ್‌ಟನ್ ಕಾಲೇಜಿನಿಂದ ನಡೆದ ಇಂಟಿಗ್ರೇಟ್ ಯೋಜನೆಯ ಪಾಠಗಳನ್ನು ಓದಿ. ಸಮಾಜದ ದೊಡ್ಡ ಸವಾಲು, ನಂಬಬಹುದಾದ ನಿಜ ದತ್ತಾಂಶ, ಇಡೀ ವ್ಯವಸ್ಥೆಯಾಗಿ ಯೋಚಿಸುವ ಅಭ್ಯಾಸ ಮೊದಲಾದವು ಪ್ರತಿ ಪಾಠದಲ್ಲೂ ಇರಲೇಬೇಕೆಂದು ಅವರು ನಿಯಮ ಮಾಡಿಕೊಂಡಿದ್ದರು. ಚೌಕಟ್ಟು ತೆಗೆದುಕೊಳ್ಳಿ. ಉದಾಹರಣೆಗಳನ್ನು ಅಲ್ಲೇ ಬಿಡಿ.

ಮೌಲ್ಯಮಾಪನವನ್ನು ಮೊದಲೇ ಬರೆದಿಟ್ಟುಕೊಂಡು ಪಾಠ ಕಟ್ಟಿ. ನಾನು ಕೊಡುತ್ತಿದ್ದದ್ದು ಗ್ರಾಮ ಪಂಚಾಯಿತಿಗೆ ಒಂದು ಪುಟದ ಕನ್ನಡ ಪತ್ರ. ಅದರಲ್ಲಿ ಅಂಕಿ, ಅದರ ಏಕಮಾನ, ಮಾದರಿ ತೆಗೆದ ದಿನ, ನಮ್ಮ ಫಲಿತಾಂಶವನ್ನು ಎಷ್ಟು ನಂಬಬಹುದು ಎಂಬ ಒಂದು ವಾಕ್ಯ, ಕೊನೆಗೆ ಶಿಫಾರಸು. ನಂಬಿಕೆಯ ಆ ಒಂದು ವಾಕ್ಯಕ್ಕೇ ಹೆಚ್ಚು ಅಂಕ ಇಡಿ. ಕಿಟ್‌ನ ಬಣ್ಣ ನೋಡಿ ಬಾವಿಯನ್ನು ವಿಷವೆಂದು ಸಾರಿದರೆ ಊರಲ್ಲಿ ಗಲಾಟೆಯಾಗುತ್ತದೆ. ಮಿತಿಯ ಆಸುಪಾಸಿನ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಿದ ಮೇಲೆಯೇ ಪತ್ರ ಹೋಗಬೇಕು.

ಮೊದಲ ಮಾದರಿಗಳನ್ನು ಬೇಸಿಗೆಯ ಕೊನೆಗೆ ತೆಗೆಯಿರಿ, ಎರಡನೆಯದನ್ನು ದೀಪಾವಳಿ ಹೊತ್ತಿಗೆ, ಅದೇ ಬಾವಿಗಳಿಂದ. ಕೊಳವೆಬಾವಿಯಾದರೆ ಕೊಳವೆಯಲ್ಲಿ ನಿಂತ ನೀರು ಹರಿದುಹೋದ ಮೇಲೆ ತುಂಬಿಸಿ. ಬಾಟಲಿ ಪ್ಲಾಸ್ಟಿಕ್‌ನದೇ ಇರಲಿ, ಫ್ಲೋರೈಡ್ ಗಾಜಿನೊಂದಿಗೆ ವರ್ತಿಸಬಹುದು.