ಭಾಷೆಯ ಚಾರಿತ್ರಿಕ ಅಧ್ಯಯನಕ್ಕೂ ರಾಚನಿಕ ಅಧ್ಯಯನಕ್ಕೂ ಏನು ವ್ಯತ್ಯಾಸ?

‘ಹಾಲು’ ಎಂಬ ಒಂದೇ ಪದ ಸಾಕು. ಚಾರಿತ್ರಿಕ ಅಧ್ಯಯನ ಅದರ ಪೂರ್ವೋತ್ತರ ಕೆದಕುತ್ತದೆ: ಹಳಗನ್ನಡದಲ್ಲಿ ಅದು ‘ಪಾಲ್’, ತಮಿಳಿನಲ್ಲಿ ಇಂದಿಗೂ ‘ಪಾಲ್’, ತೆಲುಗಿನಲ್ಲಿ ‘ಪಾಲು’. ‘ಪೂ’ ಹೂವಾದದ್ದನ್ನೂ ‘ಪುಲಿ’ ಹುಲಿಯಾದದ್ದನ್ನೂ ಪಕ್ಕದಲ್ಲಿಟ್ಟು, ಪದದ ಮೊದಲಿನ ಪಕಾರ ಕನ್ನಡದಲ್ಲಿ ಹಕಾರವಾಯಿತು ಎಂಬ ನಿಯಮ ಕಟ್ಟುತ್ತದೆ.

ರಾಚನಿಕರಿಗೆ ಈ ವಂಶಾವಳಿ ಬೇಕಿಲ್ಲ. ಇಂದಿನ ಕನ್ನಡದಲ್ಲಿ ‘ಹಾಲು’, ‘ಪಾಲು’ ಎರಡೂ ಇವೆ. ಒಂದು ಲೋಟದಲ್ಲಿ, ಇನ್ನೊಂದು ಆಸ್ತಿಪತ್ರದಲ್ಲಿ. ಅರ್ಥ ಬೇರೆಯಾದದ್ದು ಮೊದಲ ಧ್ವನಿಯೊಂದರಿಂದ. ಹಾಗಾಗಿ ಪ್, ಹ್ ಬೇರೆ ಬೇರೆ ಧ್ವನಿಮಾಗಳು, ಅಂದರೆ ಅರ್ಥವನ್ನು ಬೇರ್ಪಡಿಸುವ ಧ್ವನಿಗಳು. ಸ್ವಿಸ್ ಭಾಷಾವಿಜ್ಞಾನಿ ಸಸ್ಯೂರನ ಚದುರಂಗದ ಹೋಲಿಕೆ (1916ರಲ್ಲಿ ಪ್ರಕಟ) ಹೇಳುವುದೂ ಇದನ್ನೇ: ಹಲಗೆಯ ಈಗಿನ ಸ್ಥಿತಿ ತಿಳಿಯಲು ಹಿಂದಿನ ನಡೆಗಳು ಬೇಕಿಲ್ಲ. ಆದರೆ ‘ಪಾಲು’ ಮಾತ್ರ ಪಕಾರ ಬಿಡದೆ ಏಕೆ ಉಳಿಯಿತು ಎಂದು ಕೇಳಿ ನೋಡಿ, ಮತ್ತೆ ಚರಿತ್ರೆಕಾರರ ಬಾಗಿಲನ್ನೇ ತಟ್ಟಬೇಕಾಗುತ್ತದೆ.