ವೈಫೈ ಇದೆ, ಸೈಟ್ ತೆರೆಯುತ್ತಿಲ್ಲ: ಬದಿಯಡ್ಕದವರ ಪ್ರಶ್ನೆಗೆ

ಇದು ಹೆಚ್ಚಾಗಿ ಡಿಎನ್‌ಎಸ್ (ಸೈಟಿನ ಹೆಸರನ್ನು ನಂಬರಿಗೆ ಬದಲಿಸುವ ವ್ಯವಸ್ಥೆ) ತೊಂದರೆ. ಮಳೆಗೆ ಕರೆಂಟ್ ಹೋಗಿ ಬಂದ ಮೇಲೆ ವಾಟ್ಸಾಪ್ ಮೆಸೇಜ್ ಮಾತ್ರ ಹೋಗುತ್ತದೆ, ಲ್ಯಾಪ್‌ಟಾಪಿನಲ್ಲಿ ಒಂದು ಸೈಟೂ ತೆರೆಯುವುದಿಲ್ಲ ಅಂದಿರಲ್ವಾ? ಹಾಗಾದರೆ ಲೈನ್ ಸತ್ತಿಲ್ಲ. ಹೆಸರನ್ನು ನಂಬರಿಗೆ ಬದಲಿಸುವ ಆ ಕೆಲಸ ನಿಂತಿದೆ.

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ 8.8.8.8 (ping 8.8.8.8; ಇದು ಗೂಗಲಿನ ಡಿಎನ್‌ಎಸ್ ಸರ್ವರಿನ ನಂಬರ್) ಕೊಡಿ. ಆಮೇಲೆ ಪಿಂಗ್ ಗೂಗಲ್.ಕಾಮ್ (ping google.com). ಮೊದಲನೆಯದಕ್ಕೆ ಉತ್ತರ ಬಂದು ಎರಡನೆಯದಕ್ಕೆ ಬಾರದಿದ್ದರೆ ಡಿಎನ್‌ಎಸ್ಸೇ. ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್ ಕೊಡಿ (ಇಂಗ್ಲಿಷ್ ಅಕ್ಷರದಲ್ಲಿ ipconfig /flushdns, ಅಡ್ಡಗೆರೆಯ ಮೊದಲು ಒಂದು ಜಾಗ ಬಿಟ್ಟು). ಸಾಲದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ವೈಫೈ, ಹಾರ್ಡ್‌ವೇರ್ ಪ್ರಾಪರ್ಟೀಸ್‌ಗೆ ಹೋಗಿ. ಅಲ್ಲಿ ಡಿಎನ್‌ಎಸ್ ಅನ್ನು ಮ್ಯಾನುಯಲ್ ಮಾಡಿ, ಐಪಿವಿ4 ಆನ್ ಮಾಡಿ, 1.1.1.1 ಮತ್ತು 8.8.8.8 ಹಾಕಿ.

ಎರಡಕ್ಕೂ ಉತ್ತರ ಇಲ್ಲದಿದ್ದರೆ ಐಪಿಕಾನ್ಫಿಗ್ ಕೊಟ್ಟು ನೋಡಿ. ವಿಳಾಸ 169.254 ಎಂದು ಶುರುವಾದರೆ ರೂಟರ್ ನಿಮ್ಮ ಲ್ಯಾಪ್‌ಟಾಪಿಗೆ ಐಪಿ ವಿಳಾಸ ಕೊಟ್ಟಿಲ್ಲ. ಐಪಿಕಾನ್ಫಿಗ್ /ರಿಲೀಸ್ (ipconfig /release) ಕೊಡಿ, ಆಮೇಲೆ ಐಪಿಕಾನ್ಫಿಗ್ /ರಿನ್ಯೂ (ipconfig /renew) ಕೊಡಿ. ಆಗಲೂ ಬಾರದಿದ್ದರೆ ರೂಟರನ್ನು ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ.

ಮೊಬೈಲಿನ ಬ್ರೌಸರಲ್ಲೂ ಹೀಗೆಯೇ ಆಗುತ್ತದೋ ಅಂತ ನೀವು ಬರೆದಿಲ್ಲ. ಆಗುತ್ತದೆಂದರೆ ತೊಂದರೆ ರೂಟರಿನಲ್ಲಿರಬಹುದು, ಡಿಎನ್‌ಎಸ್ ಅಲ್ಲೇ ಬದಲಿಸಬೇಕು.

ಒಂದು ಮಾತು: ರೂಟರಿನ ಹಿಂದಿನ ರಿಸೆಟ್ ತೂತಿಗೆ ಸುಮ್ನೆ ಪಿನ್ ಚುಚ್ಚಬೇಡಿ. ಲಾಗಿನ್ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿಹೋಗುತ್ತದೆ. ನಾನು ಚುಚ್ಚಿ ಎರಡು ದಿನ ನೆಟ್ ಇಲ್ಲದೆ ಕೂತಿದ್ದೆ.

ಎಲ್‌ಒಎಸ್ ದೀಪ (ರೂಟರಿನಲ್ಲಿ ಸಿಗ್ನಲ್ ಬರುತ್ತಿಲ್ಲ ಎಂದು ತೋರಿಸುವುದು) ಕೆಂಪಾಗಿದ್ದರೆ ಇದ್ಯಾವುದೂ ಬೇಡ. ಆಟಿ ತಿಂಗಳ (ಆಷಾಢದ) ಮಳೆಗೆ ತೆಂಗಿನ ಮಡಲು ಬಿದ್ದು ಫೈಬರ್ ಕಡಿದಿರಬಹುದು. ಕೇಬಲಿನವರಿಗೆ ಫೋನ್ ಮಾಡಿ.